ಗಂಡನಿಂದ ಬೇರೆಯಾದ ಮೇಲೆ ಮನೆ ಸಾಲ: ಜಾಗ ನೋಡುವ ಮೊದಲು ಹಳೆಯ ಸಾಲ ಬಿಡಿಸಿಕೊಳ್ಳಿ

ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು ದುಡಿದು, ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಮನೆಯಲ್ಲಿರುವ ಹೆಂಗಸರು ಮಂಗಳೂರು, ಉಡುಪಿಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಮನೆ ಸಾಲ ಸಿಗುವುದೇ ಇಲ್ಲ ಎನ್ನುವುದು ಸುಳ್ಳು. ಆದರೆ ಹೆಚ್ಚಿನವರು ಮೊದಲು ಜಾಗ ನೋಡಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಬ್ಯಾಂಕಿಗೆ ಹೋಗುತ್ತಾರೆ. ಎಷ್ಟೋ ಸಲ ಅರ್ಜಿ ವಾಪಸ್ ಬರುವುದು ಸಂಬಳ ಕಡಿಮೆ ಎಂದಲ್ಲ, ಗಂಡನ ಹಳೆಯ ಸಾಲದಿಂದ. ಅಡ್ವಾನ್ಸೂ ಹೋಗುತ್ತದೆ. ಹಾಗಾಗಿ ಈ ಕ್ರಮದಲ್ಲೇ ಹೋಗಿ.

ಒಂದು: ಸಿಬಿಲ್ ವರದಿ ತೆಗೆಸಿ. ನೀವು ಯಾವ ಸಾಲ ಮಾಡಿದ್ದೀರಿ, ಹೇಗೆ ಕಟ್ಟಿದ್ದೀರಿ ಎಂದು ಸಿಬಿಲ್ ಎನ್ನುವ ಸಂಸ್ಥೆ ಇಡುವ ದಾಖಲೆ ಇದು, ಬ್ಯಾಂಕು ಮೊದಲು ನೋಡುವುದು ಇದನ್ನೇ. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ದುಡ್ಡು ಕೇಳುವ ಆ್ಯಪ್‌ಗಳ ಸಹವಾಸ ಬೇಡ, ಸಿಬಿಲ್‌ನ ಸ್ವಂತ ಜಾಲತಾಣದಲ್ಲೇ ತೆಗೆಯಿರಿ.

ಎರಡು: ಜಂಟಿ ಸಾಲದಿಂದ ಹೊರಗೆ ಬನ್ನಿ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ವರದಿಯ ಮೇಲೆ ಕಾಣುವ ಸ್ಕೋರ್, ಅಂದರೆ ಸಾಲ ಕಟ್ಟಿದ ರೀತಿಗೆ ಕೊಡುವ ಅಂಕ, ನೋಡಿ ಮುಚ್ಚಿಡಬೇಡಿ. 750 ದಾಟಿದ್ದರೆ ಒಳ್ಳೆಯದೇ, ಆದರೆ ಒಳಗಿನ ಪುಟಗಳು ಮುಖ್ಯ. ಒಂದೊಂದು ಸಾಲದ ಎದುರೂ ಅದು ನಿಮ್ಮೊಬ್ಬರದೋ, ಜಂಟಿಯೋ, ನೀವು ಜಾಮೀನು ಹಾಕಿದ್ದೋ ಎಂದು ಬರೆದಿರುತ್ತದೆ. ಕೆಳಗೆ ತಿಂಗಳು ತಿಂಗಳಿನ ಚೌಕಗಳಿರುತ್ತವೆ. 000 ಎಂದಿದ್ದರೆ ಕಂತು ಸರಿಯಾಗಿ ಬಂದಿದೆ. 030 ಎಂದಿದ್ದರೆ ಮೂವತ್ತು ದಿನ ತಡ, 090 ಎಂದಿದ್ದರೆ ತೊಂಬತ್ತು ದಿನ. ಗಂಡ ಬೈಕಿಗೋ ಟೆಂಪೋಗೋ ಮಾಡಿದ ಸಾಲಕ್ಕೆ ನೀವು ಹಿಂದೆ ಯಾವಾಗಲೋ ಸಹಿ ಹಾಕಿದ್ದರೆ, ಅವರು ತಪ್ಪಿಸಿದ ಕಂತು ನಿಮ್ಮ ವರದಿಯಲ್ಲೂ ಕೂತಿರುತ್ತದೆ.

‘ಸಾಲ ಅವರೇ ಕಟ್ಟಬೇಕು ಅಂತ ಕೋರ್ಟಿನಲ್ಲಿ ಬರೆದಾಗಿದೆ’ ಎಂದು ಸುಮ್ನೆ ಇರಬೇಡಿ. ಅದು ಗಂಡ ಹೆಂಡತಿ ನಡುವಿನ ಒಪ್ಪಂದ. ಬ್ಯಾಂಕು ಅದರಲ್ಲಿ ಸೇರಿಲ್ಲ, ಬ್ಯಾಂಕಿನ ಮಟ್ಟಿಗೆ ಇಬ್ಬರೂ ಸಾಲಗಾರರೇ. ಹೆಸರು ಬಿಡಿಸಲು ಬ್ಯಾಂಕಿನ ಲಿಖಿತ ಒಪ್ಪಿಗೆಯೇ ಬೇಕು. ಅದಕ್ಕೆ ಸಾಲ ತೀರಿಸಬೇಕು, ಅಥವಾ ಗಂಡ ತನ್ನೊಬ್ಬನ ಹೆಸರಿಗೆ ಹೊಸದಾಗಿ ಮಾಡಿಸಿಕೊಳ್ಳಬೇಕು, ಇಲ್ಲವೇ ಸಾಲದಲ್ಲಿ ನಿಮ್ಮ ಬದಲಿಗೆ ಬ್ಯಾಂಕ್ ಒಪ್ಪುವ ಬೇರೆಯವರನ್ನು ಸೇರಿಸಬೇಕು. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ, ಕೋರ್ಟಿನಲ್ಲಿ ಕೊನೆಯ ಹೇಳಿಕೆ ಕೊಡುವ ಮೊದಲೇ ಬ್ಯಾಂಕಿನ ಪತ್ರ ಕೈಗೆ ಬರಬೇಕು ಎಂದು ವಕೀಲರಿಗೆ ಗಟ್ಟಿಯಾಗಿ ಹೇಳಿ. ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆದ ಮೇಲೆ ಯಾರೂ ಬ್ಯಾಂಕಿಗೆ ಅಲೆಯುವುದಿಲ್ಲ. ವಕೀಲರ ಫೀಸಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ನೆರವಿದೆ. ಸಹಾಯವಾಣಿ 15100.

ಉಳಿದ ಬಾಕಿ ಸಣ್ಣದಾಗಿದ್ದು ಗಂಡ ಕಟ್ಟುವ ಲಕ್ಷಣ ಇಲ್ಲದಿದ್ದರೆ, ನೀವೇ ಕಟ್ಟಿ ಮುಗಿಸಿ, ರಶೀದಿ ಇಟ್ಟುಕೊಳ್ಳಿ. ಅನ್ಯಾಯವೇ, ಗೊತ್ತು. ಆದರೂ ನಿಮ್ಮ ದಾರಿ ಬೇಗ ತೆರೆಯುವುದು ಹೀಗೆ. ‘ಅರ್ಧ ಕಟ್ಟಿ, ಸೆಟಲ್ ಮಾಡಿಬಿಡೋಣ’ ಎನ್ನುವ ವಸೂಲಿಯವರ ಮಾತಿಗೆ ಮಾತ್ರ ಒಪ್ಪಬೇಡಿ. ವರದಿಯಲ್ಲಿ ‘ಸೆಟಲ್ಡ್’ ಎಂದು ಬಿದ್ದರೆ ಮುಂದಿನ ಬ್ಯಾಂಕು ಹಿಂಜರಿಯುತ್ತದೆ. ‘ಕ್ಲೋಸ್ಡ್’ ಎಂದೇ ಬರಬೇಕು. ನಿಮ್ಮದಲ್ಲದ ಸಾಲ ಕಂಡರೆ ಆನ್‌ಲೈನಿನಲ್ಲೇ ತಕರಾರು ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ.

ಮೂರು: ಆದಾಯವನ್ನು ಕಾಗದಕ್ಕೆ ತನ್ನಿ. ಕೈಯಲ್ಲಿ ಬರುವ ದುಡ್ಡು ಬ್ಯಾಂಕಿಗೆ ಕಾಣುವುದಿಲ್ಲ. ಜೀವನಾಂಶವನ್ನು ನಗದಾಗಿ ಪಡೆಯಲೇಬೇಡಿ, ಖಾತೆಗೇ ಬರಲಿ. ಕೋರ್ಟಿನ ಆದೇಶ ಮತ್ತು ಪ್ರತಿ ತಿಂಗಳು ಜಮಾ ಆದ ದಾಖಲೆ ಎರಡೂ ಇದ್ದರೆ ಅದನ್ನೂ ಆದಾಯವೆಂದು ಲೆಕ್ಕ ಹಿಡಿಯಲು ಕೇಳಬಹುದು. ಬೀಡಿ ಕಟ್ಟುವವರು, ಗೇರುಬೀಜದ ಕಾರ್ಖಾನೆಯವರು ಪಿಎಫ್ ದಾಖಲೆ ಕೊಡಿ. ಟೈಲರಿಂಗ್, ಮೀನು ಮಾರಾಟದವರು ದಿನದ ದುಡ್ಡನ್ನು ಖಾತೆಗೆ ಹಾಕುವ ಅಭ್ಯಾಸ ಮಾಡಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. ದಿನದಿನವೂ ಏಜೆಂಟರ ಕೈಗೆ ಸಣ್ಣ ಮೊತ್ತ ಕಟ್ಟುವ ಪಿಗ್ಮಿ ಉಳಿತಾಯದ ಪುಸ್ತಕ ಇದ್ದರೆ ಅದನ್ನೂ ತೋರಿಸಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಈ ಉಳಿತಾಯದ ಬೆಲೆ ನಮ್ಮ ಕಡೆಯ ಮ್ಯಾನೇಜರ್‌ಗಳಿಗೆ ಗೊತ್ತು.

ನಾಲ್ಕು: ಎಷ್ಟು ಸಿಗಬಹುದು, ಲೆಕ್ಕ ಹಾಕಿ. ಎಲ್ಲ ಕಂತು ಸೇರಿ ಆದಾಯದ 40ರಿಂದ 50% ದಾಟಬಾರದು ಎಂಬುದು ಬ್ಯಾಂಕುಗಳ ಸಾಮಾನ್ಯ ಲೆಕ್ಕ. 10 ಲಕ್ಷಕ್ಕೆ 8.5% ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು ಸುಮಾರು 8,680 ರೂಪಾಯಿ. 20 ಸಾವಿರ ಸಂಬಳಕ್ಕೆ ಹೆಚ್ಚುಕಡಿಮೆ ಇದೇ ಮಿತಿ. ಜೊತೆಗೆ ಫ್ರಿಜ್ಜಿನ ಕಂತೋ ಸಂಘದ ಸಾಲವೋ ಇದ್ದರೆ ಅಷ್ಟು ಕಡಿಮೆಯಾಗುತ್ತದೆ, ಅದನ್ನು ಮೊದಲು ಮುಗಿಸಿ. 30 ಲಕ್ಷದವರೆಗಿನ ಸಾಲದಲ್ಲಿ ಆಸ್ತಿ ಬೆಲೆಯ 90% ತನಕ ಕೊಡಲು ಅವಕಾಶವಿದೆ. ಉಳಿದದ್ದು, ಸ್ಟಾಂಪ್, ನೋಂದಣಿ ಖರ್ಚು ಸಾಮಾನ್ಯವಾಗಿ ನಿಮ್ಮ ಕೈಯಿಂದ. ಆ ದುಡ್ಡಿಗಾಗಿ ಚಿನ್ನ ಅಡವಿಡಬೇಡಿ, ಬೇಕಾದರೆ ಒಂದು ಬಳೆ ಮಾರಿ. ಎರಡೆರಡು ಬಡ್ಡಿ ಒಟ್ಟಿಗೆ ಎಳೆಯಲು ಆಗುವುದಿಲ್ಲ.

ಸಾಲಕ್ಕೆ ಅಮ್ಮನನ್ನೋ ತಮ್ಮನನ್ನೋ ಸೇರಿಸಿಕೊಂಡರೆ ಮೊತ್ತ ಹೆಚ್ಚುತ್ತದೆ. ಆದರೆ ಕ್ರಯಪತ್ರ ನಿಮ್ಮೊಬ್ಬರ ಹೆಸರಲ್ಲೇ ಇರಲಿ.

ಐದು: ಈಗ ಜಾಗ ನೋಡಿ. ಕುಮ್ಕಿ ಜಾಗಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ವರ್ಗ ಜಮೀನಿಗೆ ತಾಗಿದ ಆ ಜಾಗವನ್ನು ಜಮೀನಿನವರು ಬಳಸಬಹುದು ಅಷ್ಟೇ, ಅದು ಸರ್ಕಾರದ್ದು. ತವರಿನವರು ‘ಐದು ಸೆಂಟ್ಸ್ ನಿನಗೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಪಾಲುಪಟ್ಟಿಯೋ ದಾನಪತ್ರವೋ ನೋಂದಣಿಯಾಗಿ, ಕನ್ವರ್ಷನ್ (ಕೃಷಿ ಜಮೀನನ್ನು ಮನೆ ಕಟ್ಟಲು ಬದಲಾಯಿಸಿದ ಆದೇಶ) ಮತ್ತು ಇ-ಖಾತೆ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) ಆಗಿರಬೇಕು. ಜಾಗದ ಮೇಲೆ ಅಡವು, ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ.

ಆರು: ಅರ್ಜಿ. ನೇರ ಬ್ಯಾಂಕಿಗೆ ಹೋಗಿ, ಏಜೆಂಟ್ ಬೇಡ. ‘ವಿವಾಹಿತೆ’ ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಬೇರೆಯಾಗಿರುವುದನ್ನು ಹೇಳಿ, ಕೇಸಿನ ಪ್ರತಿ ಇಡಿ. ಇಲ್ಲದಿದ್ದರೆ ಕೊನೆಗೆ ಗಂಡನ ಸಹಿ ಕೇಳುತ್ತಾರೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2.0ರ ಬಡ್ಡಿ ಸಹಾಯಧನ 1.80 ಲಕ್ಷದವರೆಗೆ ಇದೆ, ಕೇಳಿ ನೋಡಿ. ಅದರಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಡಿಕ್ರಿ ಆಗಿಲ್ಲದೆ, ಗಂಡನ ಹೆಸರಲ್ಲಿ ಪಕ್ಕಾ ಮನೆ ಇದ್ದರೆ ತೊಡಕಾಗುತ್ತದೆ. ಸಾಲದ ಜೊತೆ ಕಟ್ಟಿಕೊಡುವ ಒಂದೇ ಕಂತಿನ ವಿಮೆ ಬೇಡ. ಸಾಲಕ್ಕೆ ರಕ್ಷಣೆ ಬೇಕಿದ್ದರೆ ಬೇರೆ ಟರ್ಮ್ ವಿಮೆ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಕೊಡುವಂಥದ್ದು) ಮಾಡಿಸಿ, ಅಗ್ಗ.

ಏಳು: ನೋಂದಣಿಯಾದ ವಾರದಲ್ಲೇ ವಿಲ್ ಬರೆಯಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಇಲ್ಲದೆ ಹೆಂಗಸು ತೀರಿಕೊಂಡರೆ ಅವಳ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಸಾಮಾನ್ಯವಾಗಿ ಮಕ್ಕಳ ಜೊತೆ ಗಂಡನಿಗೂ ಪಾಲಿದೆ (ಅಳಿಯಸಂತಾನದವರಿಗೆ ಕ್ರಮ ಬೇರೆ). ಬೇರೆ ಇರುವುದಷ್ಟೇ ಸಾಲದು, ವಿಚ್ಛೇದನ ಆಗುವ ತನಕ ಅವನು ವಾರಸುದಾರನೇ. ವಿಲ್‌ಗೆ ಇಬ್ಬರು ಸಾಕ್ಷಿ ಸಾಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಯೇ ಬಿಡಿ.