ಮನೆಯಲ್ಲೇ ಮಾರ್ಜಿಪಾನ್

ಬಾದಾಮಿ, ಸಕ್ಕರೆ ಪುಡಿ, ಒಂದಿಷ್ಟು ಗುಲಾಬಿ ನೀರು. ಮಾರ್ಜಿಪಾನ್‌ಗೆ ಇಷ್ಟೇ ಸಾಕು. ಇದು ಬಾದಾಮಿಯ ಮೆತ್ತನೆಯ ಸಿಹಿ ಕಣಕ, ಬೇಕಾದ ಆಕಾರ ಕೊಡಬಹುದು.

250 ಗ್ರಾಂ ಬಾದಾಮಿಯನ್ನು ಕುದಿಯುವ ನೀರಿಗೆ ಹಾಕಿ, ಒಂದು ನಿಮಿಷ ಬಿಟ್ಟು ಬಸಿಯಿರಿ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಬರುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಇಲ್ಲಿ ಅವಸರ ಬೇಡ. ತೇವ ಉಳಿದರೆ ಎಲ್ಲಾ ಅಂಟಂಟು.

ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ, ಬಾದಾಮಿ ಬಿಸಿಯಾಗಿ ಎಣ್ಣೆ ಬಿಡುತ್ತದೆ. ನಾನು ಅರ್ಧ ಸಕ್ಕರೆ ಪುಡಿಯನ್ನು ಜೊತೆಗೇ ಹಾಕಿ, ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡುತ್ತೇನೆ. ಒಟ್ಟು 200 ಗ್ರಾಂ ಸಕ್ಕರೆ ಸಾಕು. ಸಮಸಮ ಹಾಕುವವರಿದ್ದಾರೆ, ನನಗದು ಸಿಹಿ ಜಾಸ್ತಿ. ಜರಡಿ ಹಿಡಿದು, ಉಳಿದ ಸಕ್ಕರೆ ಬೆರೆಸಿ, ಗುಲಾಬಿ ನೀರನ್ನು ಒಂದೊಂದೇ ಚಮಚ ಹಾಕುತ್ತಾ ನಾದಿ. ಉಂಡೆ ಕಟ್ಟಲು ಬಂದ ತಕ್ಷಣ ನಿಲ್ಲಿಸಿ. ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ. ಹಸಿ ಮೊಟ್ಟೆ ಸುಮ್ನೆ ಯಾಕೆ, ಅಲ್ವಾ? ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ.

ಮರುದಿನ ಮಕ್ಕಳನ್ನು ಕರೆಯಿರಿ. ಇಟಲಿಯ ಸಿಸಿಲಿ ದ್ವೀಪದವರು ಇದರಲ್ಲಿ ಹಣ್ಣಿನ ಆಕಾರಗಳನ್ನೇ ಮಾಡುತ್ತಾರೆ. ತಿನ್ನುವ ಜೆಲ್ ಬಣ್ಣ ಕಲಸಿದ ಉಂಡೆಯನ್ನು ತುರಿಮಣೆಯ ಮೇಲೆ ಮೆಲ್ಲಗೆ ಹೊರಳಿಸಿ, ಕಿತ್ತಳೆ ಸಿಪ್ಪೆಯ ಗುಳಿಗಳು ಮೂಡುತ್ತವೆ. ತೊಟ್ಟಿಗೆ ಒಂದು ಲವಂಗ. ತಿನ್ನುವ ಮುಂಚೆ ಅದನ್ನು ತೆಗೆಯಲು ಹೇಳಿಬಿಡಿ! ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಒಣಗಿ ಬಿರುಕು ಬಿಡುತ್ತದೆ.