ಕಿಕ್ ಮತ್ತು ಬೇಸ್ ಗುದ್ದಾಟಕ್ಕೆ ಸೈಡ್‌ಚೈನ್ ಮದ್ದು

ನನ್ನ ಹಾಡಿನ ಟೆಂಪೋ 120, ಅಂದರೆ ನಿಮಿಷಕ್ಕೆ 120 ಬೀಟ್. ಕಿಕ್ (ಡ್ರಮ್ಸ್‌ನ ದಪ್ಪ ಹೊಡೆತ) ಒಂದನ್ನೇ ಕೇಳಿದರೆ ಗಟ್ಟಿ, ಬೇಸ್ ಒಂದನ್ನೇ ಕೇಳಿದರೂ ಚೆಂದ. ಎರಡೂ ಸೇರಿದರೆ ಮಾತ್ರ ಗುಂಯ್ ಅಂತ ಒಂದೇ ಮುದ್ದೆ. ಎರಡರ ಬಲವೂ 50–60 ಹರ್ಟ್ಸ್ ಸುತ್ತಲೇ ಇತ್ತು. ಬೇರೆ ಬೇರೆ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಈಕ್ಯೂನಲ್ಲಿ ಕತ್ತರಿಸಿದರೆ ಬೇಸ್ ಸೊರಗುತ್ತಿತ್ತು. ಅದಕ್ಕೇ ರೀಪರ್ ಎಂಬ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಸೈಡ್‌ಚೈನ್ ಹಾಕಿದೆ, ಅಂದರೆ ಕಿಕ್ ಬಂದಾಗಲೆಲ್ಲ ಬೇಸ್ ತಾನಾಗಿ ತಗ್ಗುವ ಹಾಗೆ ಮಾಡಿದೆ.

ಬೇಸ್ ಟ್ರ್ಯಾಕ್‌ಗೆ 4 ಚಾನೆಲ್ ಕೊಟ್ಟು, ಕಿಕ್‌ನಿಂದ ಅದರ 3 ಮತ್ತು 4ನೇ ಚಾನೆಲ್‌ಗೆ ಸೆಂಡ್ ಮಾಡಿದೆ. ಇದು ಮುಖ್ಯ. 1 ಮತ್ತು 2ಕ್ಕೆ ಕಳಿಸಿದರೆ ಬೇಸ್ ಟ್ರ್ಯಾಕ್‌ನಲ್ಲೂ ಕಿಕ್ ಕೇಳಿಸುತ್ತದೆ. ಆಮೇಲೆ ಬೇಸ್ ಮೇಲೆ ರಿಯಾಕಾಂಪ್ (ಸದ್ದನ್ನು ಅದುಮುವ ರೀಪರ್‌ನ ಕಂಪ್ರೆಸರ್) ಹಾಕಿ, ಅದು ಬೇಸನ್ನಲ್ಲ, ಕಿಕ್ಕನ್ನು ಕೇಳಿ ಕೆಲಸ ಮಾಡಲಿ ಅಂತ ಡಿಟೆಕ್ಟರ್ ಇನ್‌ಪುಟ್‌ನಲ್ಲಿ ಆಕ್ಸಿಲಿಯರಿ ಆರಿಸಿದೆ. ರೇಶಿಯೋ (ಅದುಮುವ ಪ್ರಮಾಣ) 4:1. ಪ್ರತಿ ಕಿಕ್‌ಗೂ ಬೇಸ್ ಸುಮಾರು 5 ಡಿಬಿ ಇಳಿಯುವವರೆಗೆ ಥ್ರೆಶೋಲ್ಡ್ (ಅದುಮುವುದು ಶುರುವಾಗುವ ಮಟ್ಟ) ತಗ್ಗಿಸಿದೆ.

ಮುದ್ದೆ ಬಿಡಿಸಿಕೊಂಡಿತು, ಆದರೆ ಪ್ರತಿ ಹೊಡೆತಕ್ಕೂ ಸಣ್ಣ ಟಿಕ್ ಸದ್ದು. ಅಟ್ಯಾಕ್ (ಅದುಮಲು ತೆಗೆದುಕೊಳ್ಳುವ ಸಮಯ) 0 ಇತ್ತು. 50 ಹರ್ಟ್ಸ್‌ನ ಒಂದು ಅಲೆ ಮುಗಿಯಲು 20 ಮಿಲಿಸೆಕೆಂಡ್ ಬೇಕು, ಅಲ್ವಾ? ಅಲೆಯ ನಡುವೆಯೇ ವಾಲ್ಯೂಮ್ ದಿಢೀರ್ ಕುಸಿದರೆ ಅದರ ಆಕಾರವೇ ಮುರಿಯುತ್ತದೆ. 5 ಮಿಲಿಸೆಕೆಂಡ್ ಕೊಟ್ಟ ತಕ್ಷಣ ಟಿಕ್ ಹೋಯಿತು.

ನಿಜವಾದ ಆಟ ಇರುವುದು ರಿಲೀಸ್‌ನಲ್ಲಿ, ಅಂದರೆ ಅದುಮಿದ ಬೇಸ್ ಮತ್ತೆ ಮೇಲೇರಲು ಹಿಡಿಯುವ ಸಮಯದಲ್ಲಿ. 120ರಲ್ಲಿ ಕಿಕ್‌ನಿಂದ ಕಿಕ್‌ಗೆ 500 ಮಿಲಿಸೆಕೆಂಡ್. ನನ್ನ ಬೇಸ್ ನುಡಿಯುವುದು ಸರಿಯಾಗಿ ನಡುವೆ, 250ಕ್ಕೆ. ರಿಲೀಸ್ 300 ಇದ್ದಾಗ ಆ ಸ್ವರ ಇನ್ನೂ ಅದುಮಿಕೊಂಡೇ ಬರುತ್ತಿತ್ತು. ಸುಮ್ನೆ ಲೂಪ್ ಹಾಕಿ ಕೇಳುತ್ತಾ ಇಳಿಸಿದೆ. 130ಕ್ಕೆ ಬಂದಾಗ ಆ ಸ್ವರ ಪೂರ್ತಿ ಬಲದಿಂದ ಎದ್ದಿತು. ಹೌಸ್ ಎಂಬ ಡಾನ್ಸ್ ಸಂಗೀತದ ಉಸಿರಾಟದಂಥ ಪಂಪಿಂಗ್ ಬೇಕಿದ್ದವರು ರಿಡಕ್ಷನ್ (ಬೇಸ್ ಇಳಿಯುವ ಪ್ರಮಾಣ) ಇನ್ನೂ ಜಾಸ್ತಿ ಮಾಡಬಹುದು. ನನ್ನ ಹಾಡಿಗೆ 5 ಡಿಬಿ ಸಾಕು.