ಬೆಂಗಳೂರೋ ಮುಂಬೈಯೋ: ಎಂ.ಟೆಕ್. ಸೀಟು ನಾನು ಆರಿಸಿಕೊಂಡ ಬಗೆ

ಎಂ.ಟೆಕ್. ಪ್ರವೇಶಕ್ಕಾಗಿ ಗೇಟ್ ಪರೀಕ್ಷೆ ಬರೆದವರಿಗೆ ಮೇ, ಜೂನ್ ತಿಂಗಳುಗಳೆಂದರೆ, ಸೀಟಿನ ಆಫರ್‌ಗಳು ಬರುವ ಕೋಆಪ್ ಪೋರ್ಟಲ್‌ನ ಸುತ್ತುಗಳ ಕಾಲ. ಸಾಗರದ ಕಡೆ ನಮ್ಮ ಊರಿನಲ್ಲಿ ಅದೇ ಹೊತ್ತಿಗೆ ಅಡಿಕೆಗೆ ಕೊಳೆರೋಗ ತಗುಲದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮನೆಯವರೆಲ್ಲ ತೋಟದಲ್ಲಿದ್ದಾಗ ನನಗೆ ಎರಡು ಆಫರ್ ಬಂದವು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಸೈನ್ಸ್ ಎಂ.ಟೆಕ್. ಮತ್ತು ಮುಂಬೈ ಐಐಟಿಯ ಎಂ.ಟೆಕ್.

ಕೋಆಪ್ ಬಗ್ಗೆ ಒಂದು ಮಾತು. ಅದು ಆಫರ್ ತಿಳಿಸುವ ಜಾಗ ಮಾತ್ರ. ಪ್ರತಿ ಸಂಸ್ಥೆಗೂ ಬೇರೆಯಾಗಿಯೇ ಅರ್ಜಿ ಹಾಕಿರಬೇಕು. ಆಫರ್ ಬಂದ ಮೇಲೆ ಒಪ್ಪಿ ಖಾಯಂ ಮಾಡಬಹುದು, ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯಬಹುದು, ಇಲ್ಲವೇ ಬಿಟ್ಟು ಕಾಯಬಹುದು. ಯೋಚಿಸಲು ಕೊಡುವ ಗಡುವು ಚಿಕ್ಕದು. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆದ್ದರಿಂದ ಆಫರ್ ಬರುವ ಮೊದಲೇ ತೂಗಿ ನೋಡಿಟ್ಟುಕೊಳ್ಳುವುದು ಕ್ಷೇಮ.

ಎರಡರಲ್ಲೂ ಸಮನಾಗಿರುವುದನ್ನು ನಾನು ಮೊದಲೇ ಲೆಕ್ಕದಿಂದ ತೆಗೆದುಬಿಟ್ಟೆ. ಎರಡೂ ಎರಡು ವರ್ಷದ ಕೋರ್ಸ್. ಗೇಟ್ ಮೂಲಕ ಸೇರಿದವರಿಗೆ ಸಿಗುವ ಶಿಷ್ಯವೇತನ ತಿಂಗಳಿಗೆ 12,400 ರೂಪಾಯಿ. ಒಳ್ಳೆಯ ಕಂಪನಿಗಳು ಎರಡೂ ಕಡೆ ಬರುತ್ತವೆ. ಉಳಿದದ್ದು ದೂರದ ಪ್ರಶ್ನೆ. ತಾಳಗುಪ್ಪದ ರೈಲು ಹತ್ತಿದರೆ ಬೆಂಗಳೂರು ಎಂದು ನೆಂಟರಿಷ್ಟರೆಲ್ಲ ಹೇಳಿದರು. ಅಪ್ಪಯ್ಯ ಮಾತ್ರ, "ಕೊಯ್ಲಿಗೆ ಬರಬೇಕು ಅಂತ ಕಾಲೇಜು ಆರಿಸಬೇಡ. ತೋಟ ನಾನು ನೋಡಿಕೊಳ್ಳುತ್ತೇನೆ" ಎಂದರು. ಆ ಮಾತಿನಿಂದ ಮನಸ್ಸು ಹಗುರಾಯಿತು.

ನನಗೆ ಹುಚ್ಚು ಇದ್ದದ್ದು ಕಂಪೈಲರ್‌ಗಳದ್ದು, ಅಂದರೆ ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶಗಳದ್ದು. ಆ ವಿಷಯದಲ್ಲಿ ಎರಡೂ ವಿಭಾಗಗಳು ಗಟ್ಟಿ, ಆದರೆ ದಾರಿ ಬೇರೆ. ಮುಂಬೈಯಲ್ಲಿ ಉದಯ್ ಖೇಡ್ಕರ್ ಅವರ ಬಳಗ ಜಿಸಿಸಿ ಎಂಬ ಕಂಪೈಲರನ್ನು ಬಿಚ್ಚಿ ಅದರ ಒಳಗನ್ನು ಕಲಿಸುವ ಪರಂಪರೆಯನ್ನೇ ಬೆಳೆಸಿತು. ಬೆಂಗಳೂರಿನಲ್ಲಿ ಉದಯ್ ಬೊಂಧುಗುಲ ಅವರ ಪ್ಲೂಟೋ ಇತ್ತು; ಸಿ ಭಾಷೆಯ ಲೂಪ್‌ಗಳನ್ನು, ಅಂದರೆ ಮತ್ತೆ ಮತ್ತೆ ನಡೆಯುವ ಆಜ್ಞೆಗಳನ್ನು, ತಾನಾಗಿಯೇ ಮರುಜೋಡಿಸುವ ಸಾಧನ. ಎರಡೂ ಉಚಿತವಾಗಿ ಸಿಗುವ ತಂತ್ರಾಂಶಗಳು. ಅಲ್ಲಿ ಹೋಗಿ ಮಾಡುವ ಕೆಲಸದ ರುಚಿಯನ್ನು ಮನೆಯಲ್ಲೇ ನೋಡಬಹುದಲ್ಲ ಎನ್ನಿಸಿತು.

ಜಿಸಿಸಿಗೆ ಒಂದು ಪುಟ್ಟ ಪ್ರೋಗ್ರಾಂ ಕೊಟ್ಟು, ಪ್ರತಿ ಹಂತದಲ್ಲೂ ಅದು ಏನಾಗುತ್ತದೆಂದು ಬರೆದುಕೊಡುವಂತೆ ಕೇಳಿದೆ. ಫೋಲ್ಡರ್ ತುಂಬ ಕಡತಗಳು ಬಂದವು. ಓದಿದೆ, ಅರ್ಥವೂ ಆಯಿತು. ಆಮೇಲೆ ಮ್ಯಾಟ್ರಿಕ್ಸ್ ಗುಣಾಕಾರದ ಮೂರು ಲೂಪ್‌ಗಳನ್ನು ಗುರುತು ಮಾಡಿ ಪ್ಲೂಟೋಗೆ ಕೊಟ್ಟೆ. ಮೂರು ಹೋಗಿ ಆರು ಲೂಪ್‌ಗಳಾಗಿ ಬಂದವು, ನಡುವೆ ಎಲ್ಲೆಲ್ಲೂ 32 ಎಂಬ ಸಂಖ್ಯೆ. ಅದು ಟೈಲ್‌ನ, ಅಂದರೆ ಒಂದು ಸಲಕ್ಕೆ ಎತ್ತಿಕೊಳ್ಳುವ ತುಂಡಿನ, ಅಳತೆ. ಹೆಡಿಗೆಯಲ್ಲಿ ಹಿಡಿಯುವಷ್ಟೇ ಅಡಿಕೆ ತಂದು, ಅದನ್ನು ಪೂರ್ತಿ ಸುಲಿದು ಮುಗಿಸಿ, ಆಮೇಲೆ ಮುಂದಿನ ಹೆಡಿಗೆಗೆ ಏಳುವಂತೆ, ಪ್ರೊಸೆಸರ್‌ನ ಹತ್ತಿರದ ಪುಟ್ಟ, ಚುರುಕಾದ ಸ್ಮೃತಿಯಾದ ಕ್ಯಾಶ್‌ನಲ್ಲಿ ಹಿಡಿಯುವಷ್ಟೇ ದತ್ತಾಂಶವನ್ನು ತಂದು ಅದರ ಕೆಲಸ ಮುಗಿಸುವ ಉಪಾಯ. ಉತ್ತರ ಅದೇ, ಓಟ ಮಾತ್ರ ಕಣ್ಣಿಗೆ ಕಾಣುವಷ್ಟು ಚುರುಕು. ಲೂಪ್‌ಗಳ ಕ್ರಮ ಬದಲಾದರೂ ಉತ್ತರ ಕೆಡುವುದಿಲ್ಲವೆಂದು ಯಂತ್ರಕ್ಕೆ ಹೇಗೆ ಗೊತ್ತು? ಈ ಪ್ರಶ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಲ್ಯಾಪ್‌ಟಾಪ್‌ನ ಬ್ಯಾಟರಿ ಮುಗಿದ ಮೇಲೂ ಕಾಗದದ ಮೇಲೆ ಬಿಡಿಸುತ್ತ ಕುಳಿತಿದ್ದೆ.

ಮನಸ್ಸು ಹೆಚ್ಚುಕಡಿಮೆ ಅಲ್ಲೇ ನಿರ್ಧಾರ ಮಾಡಿತ್ತು. ಆದರೂ ಎರಡೂ ಕಡೆಯ ಹಿರಿಯ ವಿದ್ಯಾರ್ಥಿಗಳಿಗೆ ಮಿಂಚಂಚೆ ಬರೆದೆ. "ಕಾಲೇಜು ಹೇಗಿದೆ" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ನನಗೆ ಬೇಕಾದ ಕೋರ್ಸ್ ಕಳೆದ ವರ್ಷ ನಿಜವಾಗಿ ನಡೆಯಿತೇ, ಬಯಸಿದ ಮಾರ್ಗದರ್ಶಕರು ಎಷ್ಟು ಜನರಿಗೆ ಸಿಕ್ಕರು, ಪ್ರಾಜೆಕ್ಟ್ ಶುರುವಾಗುವುದು ಯಾವಾಗ ಎಂದು ಕೇಳಿದೆ. ಪಾಠಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೋರ್ಸ್ ಪ್ರತಿ ವರ್ಷ ಇರುತ್ತದೆಂದಲ್ಲ. ಉತ್ತರಗಳು ಬೆಂಗಳೂರಿನ ಕಡೆ ವಾಲಿದವು. ಖಾಯಂ ಗುಂಡಿ ಒತ್ತಿದೆ.

ಮರುವರ್ಷ ತೀರ್ಥಹಳ್ಳಿಯ ಹುಡುಗಿಯೊಬ್ಬಳು ಇದೇ ಎರಡು ಆಫರ್ ಹಿಡಿದು ಫೋನ್ ಮಾಡಿದಳು. ಅವಳ ಒಲವು ಡೇಟಾಬೇಸ್‌ನತ್ತ. ಮುಂಬೈ ಐಐಟಿಯಲ್ಲಿ ಆ ಕ್ಷೇತ್ರದ ಕೆಲಸ ಹಳೆಯದು, ಆಳವಾದದ್ದು. ಎರಡೂ ಕಡೆಯವರ ಪ್ರಬಂಧಗಳನ್ನು ಓದಿ ನೋಡು, ನನಗಂತೂ ನಿನ್ನ ದಾರಿ ಮುಂಬೈ ಐಐಟಿ ಇರುವ ಪೊವಾಯಿಯ ಕಡೆಗೇ ಕಾಣುತ್ತದೆ ಎಂದು ಹೇಳಿದೆ.